ದಯೆಗೆ ಪರವಾನಗಿ ಬೇಕೆ?

ಹಸಿದವನಿಗೆ ಒಂದು ತುತ್ತು ಅನ್ನವಿಡಲು ಯಾರ ಅನುಮತಿಯೂ ಬೇಕಿಲ್ಲ. ಬಾಯಾರಿ ಬಂದವನಿಗೆ ನೀರು ಕೊಡುವವನು ಕಚೇರಿಗೆ ಅರ್ಜಿ ಸಲ್ಲಿಸಿ ಕಾಯುವುದಿಲ್ಲ. ಆದರೆ ಅದೇ ದಿಕ್ಕಿಲ್ಲದವನನ್ನು ಮನೆಯೊಳಗೆ ಕರೆದು, ಹಾಸಿಗೆ ಕೊಟ್ಟು, ಅವನಂತಹ ಇನ್ನೂ ಹತ್ತು ಜನರನ್ನು ಸೇರಿಸಿಕೊಂಡು ಹಗಲಿರುಳು ಸಲಹಲು ಹೊರಟರೆ, ಸರ್ಕಾರವು ಬಾಗಿಲಿಗೆ ಬಂದು “ಪರವಾನಗಿ ಎಲ್ಲಿದೆ?” ಎಂದು ಕೇಳುತ್ತದೆ. ಕೊಡುವ ಕೈಗೆ ಈ ಪ್ರಶ್ನೆ ಅವಮಾನವಾಗಿ ತೋರುವುದು ಸಹಜ. ಸತ್ಕಾರ್ಯಕ್ಕೆ ಅಡ್ಡಿಯೇಕೆ? ಧರ್ಮಕ್ಕೆ ಸರ್ಕಾರದ ಮುದ್ರೆಯೇಕೆ? ಮೇಲ್ನೋಟಕ್ಕೆ ಇದು ಕಾಯಿದೆಯ ಪ್ರಶ್ನೆ. ಒಳಹೊಕ್ಕು ನೋಡಿದರೆ ಸಲಹುವವನಿಗೂ ಸಲಹಲ್ಪಡುವವನಿಗೂ ಇರುವ ಸಂಬಂಧವನ್ನು ಕುರಿತ ನೈತಿಕ ಪ್ರಶ್ನೆ.

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ವಿಶೇಷವಾದ ಅರ್ಥವಿದೆ. ಇದು ಬಹುಪಾಲು ಮಳೆಯನ್ನೇ ನಂಬಿದ ಸೀಮೆ. ಮಳೆ ಕೈಕೊಟ್ಟ ವರ್ಷ ಕುಟುಂಬಗಳು ಗುಳೆ ಹೊರಡುತ್ತವೆ. ದುಡಿಯುವ ಕೈಗಳು ಊರು ಬಿಟ್ಟಾಗ ಹಿಂದೆ ಉಳಿಯುವವರು ವೃದ್ಧರು ಮತ್ತು ರೋಗಿಗಳು. ಅವರಲ್ಲಿಯೂ ಮನೋರೋಗಿಯ ಪಾಡು ಎಲ್ಲಕ್ಕಿಂತ ಕಠಿಣ. ಮುದುಕಿಗೆ ನೆರೆಮನೆಯವರು ರೊಟ್ಟಿ ಕೊಟ್ಟಾರು. ರಾತ್ರಿಯಿಡೀ ಕೂಗುವ, ಎದ್ದು ನಡೆದು ದಾರಿ ತಪ್ಪುವ ಮಗನನ್ನು ನೋಡಿಕೊಳ್ಳುವವರು ಯಾರು? ಅಂತಹ ಮನೆಯಲ್ಲಿ ಒಮ್ಮೊಮ್ಮೆ ಒಂದು ಬೀಗವೋ ಒಂದು ಸರಪಳಿಯೋ ಕಾಣಿಸಿಕೊಳ್ಳುತ್ತದೆ. ಅದನ್ನು ಹಾಕಿದವರು ಕ್ರೂರಿಗಳೇ ಆಗಿರಬೇಕೆಂದಿಲ್ಲ. ಬೇರೆ ದಾರಿ ಕಾಣದವರು.

ಬೇರೆ ದಾರಿಯನ್ನು ತೋರಿಸುವ ಪ್ರಯತ್ನವೊಂದು ಇದೇ ನೆಲದಲ್ಲಿ ನಡೆದದ್ದನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಲ್ಲಿ ಅಂದಿನ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಮಾನಸಿಕ ರೋಗಗಳ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಒಯ್ಯುವ ಪ್ರಯೋಗವನ್ನು ಕೈಗೊಂಡಿತು. ಆಗ ಈ ಐದೂ ತಾಲ್ಲೂಕುಗಳ ಪ್ರದೇಶ ಬಳ್ಳಾರಿ ಜಿಲ್ಲೆಯಲ್ಲಿಯೇ ಇತ್ತು. ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿನ ಭಾಗವಾಗಿತ್ತು. ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಅತ್ಯಗತ್ಯವಾದ ಕೆಲವೇ ಔಷಧಗಳನ್ನು ಹಳ್ಳಿಗೆ ಮುಟ್ಟಿಸಿದರೆ, ರೋಗಿಯನ್ನು ದೂರದ ಆಸ್ಪತ್ರೆಯ ಗೋಡೆಯೊಳಗೆ ಕೂಡಿಹಾಕದೆ ತನ್ನ ಮನೆಯಲ್ಲಿಯೇ ಉಳಿಸಬಹುದೆಂದು ಈ ಪ್ರಯೋಗ ತೋರಿಸಿತು. 1996ರಲ್ಲಿ ಭಾರತ ಸರ್ಕಾರವು ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಈ ಬಳ್ಳಾರಿಯ ಅನುಭವ. ದೇಶಕ್ಕೆ ಈ ಬರಗಾಲದ ಸೀಮೆ ಕೊಟ್ಟ ಕೊಡುಗೆ ಸಣ್ಣದಲ್ಲ.

ಆದರೆ ಆ ಮಾರ್ಗವು ರೋಗಿಗೆ ಒಂದು ಮನೆ ಇದೆಯೆಂದು ಭಾವಿಸುತ್ತದೆ. ಮನೆಯೇ ಇಲ್ಲದವನು, ಮನೆಯವರಿಗೆ ಬೇಡವಾದವನು ಏನು ಮಾಡಬೇಕು? ಔಷಧ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಕ್ಕೀತು. ಅದನ್ನು ನುಂಗಲು ನೆನಪಿಸುವ ಕೈ ಎಲ್ಲಿದೆ? ಸಮುದಾಯದ ನಡುವಿನ ವಸತಿ ಗೃಹದ ಅಗತ್ಯ ಹುಟ್ಟುವುದು ಇಲ್ಲಿ.

ವಿಚಾರವನ್ನು ಸ್ಪಷ್ಟಗೊಳಿಸಲು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಕೊಟ್ಟೂರಿಗೂ ಕೂಡ್ಲಿಗಿಗೂ ನಡುವಣ ಒಂದು ಹಳ್ಳಿಯಲ್ಲಿ ನಿವೃತ್ತ ಶಿಕ್ಷಕರೊಬ್ಬರಿದ್ದಾರೆ. ಬಸ್ ನಿಲ್ದಾಣದಲ್ಲಿ ಮಲಗುತ್ತಿದ್ದ ಮನೋರೋಗಿಯೊಬ್ಬನನ್ನು ಒಂದು ಮಳೆಗಾಲದ ರಾತ್ರಿ ಮನೆಗೆ ಕರೆತಂದರು. ಆತ ಚೇತರಿಸಿಕೊಂಡ ಸುದ್ದಿ ಹರಡಿತು. ಮತ್ತೊಬ್ಬನನ್ನು ಅವನ ಅಣ್ಣಂದಿರು ತಂದುಬಿಟ್ಟರು. ಬೇರೊಂದು ಊರಿನಿಂದ ಒಬ್ಬ ಹೆಣ್ಣುಮಗಳು ಬಂದಳು. ಮೂರು ವರ್ಷಗಳಲ್ಲಿ ಒಂಬತ್ತು ಜನರಾದರು. ಶಿಕ್ಷಕರು ತಮ್ಮ ಪಿಂಚಣಿಯಲ್ಲಿ ದವಸ ತಂದರು; ಅವರ ಮಡದಿ ಅಡಿಗೆ ಮಾಡಿದರು. ಒಂದು ದಿನ ಅಧಿಕಾರಿಯೊಬ್ಬರು ಬಂದು, “ಮೇಷ್ಟ್ರೇ, ನೀವು ನಡೆಸುತ್ತಿರುವುದು ಕಾನೂನಿನ ಪ್ರಕಾರ ಒಂದು ಸಂಸ್ಥೆ. ನೋಂದಣಿ ಇಲ್ಲದೆ ನಡೆಸುವಂತಿಲ್ಲ” ಎಂದು ನೋಟೀಸು ಕೊಟ್ಟರು. ಶಿಕ್ಷಕರಿಗೆ ನೋವಾಯಿತು. “ಇವರು ಬೀದಿಯಲ್ಲಿ ಬಿದ್ದಿದ್ದಾಗ ಯಾವ ಅಧಿಕಾರಿಯೂ ಬಂದು ಕೇಳಲಿಲ್ಲವಲ್ಲ, ಸ್ವಾಮಿ!” ಎಂಬ ಅವರ ಮಾತಿಗೆ ಎದುರಾಡುವುದು ಸುಲಭವಲ್ಲ.

ಈ ಮಾತಿನಲ್ಲಿ ಸತ್ಯವಿದೆ. ಆದರೆ ಅದು ಸತ್ಯದ ಒಂದು ಮುಖ. ಇನ್ನೊಂದು ಮುಖವನ್ನು ನೋಡಲು ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರವಾಡಿಗೆ ಹೋಗಬೇಕಾಗುತ್ತದೆ. ಅಲ್ಲಿನ ದರ್ಗಾದ ಮೇಲಿನ ನಂಬಿಕೆಯಿಂದ ಎಲ್ಲ ಮತಗಳ ಜನರೂ ಮನೋರೋಗಿಗಳಾದ ತಮ್ಮ ಬಂಧುಗಳನ್ನು ಕರೆತರುತ್ತಿದ್ದರು. ಅವರನ್ನು ಇರಿಸಿಕೊಳ್ಳಲು ಸುತ್ತಮುತ್ತ ಖಾಸಗಿ ಆಶ್ರಯಗಳು ಎದ್ದಿದ್ದವು. 2001ರ ಆಗಸ್ಟ್ 6ರ ಬೆಳಗಿನ ಜಾವ ಅಂತಹ ಒಂದು ಆಶ್ರಯದ ಚಪ್ಪರಕ್ಕೆ ಬೆಂಕಿ ಹತ್ತಿತು. ಒಳಗಿದ್ದವರನ್ನು ಸರಪಳಿಯಲ್ಲಿ ಬಂಧಿಸಲಾಗಿತ್ತು. ಓಡಲಾರದೆ 25 ಜನ ಅಲ್ಲಿಯೇ ಸುಟ್ಟುಹೋದರು. ಸತ್ತವರ ಸಂಖ್ಯೆ ಕೊನೆಗೆ 28ಕ್ಕೆ ಏರಿತು. ಮಾನಸಿಕ ರೋಗಿಗಳನ್ನು ಇರಿಸಿಕೊಳ್ಳುವ ಸ್ಥಳಕ್ಕೆ ಪರವಾನಗಿ ಬೇಕೆಂಬ 1987ರ ಕಾಯಿದೆ 1993ರಲ್ಲಿಯೇ ಜಾರಿಗೆ ಬಂದಿತ್ತು. ಆ ಆಶ್ರಯಕ್ಕೆ ಪರವಾನಗಿ ಇರಲಿಲ್ಲ. ಸರ್ವೋಚ್ಚ ನ್ಯಾಯಾಲಯವು ಪ್ರಕರಣವನ್ನು ತಾನಾಗಿಯೇ ಕೈಗೆತ್ತಿಕೊಂಡು, ನೋಂದಾಯಿತವಾಗಲಿ ಅಲ್ಲದಿರಲಿ ಇಂತಹ ಎಲ್ಲ ಆಶ್ರಯಗಳನ್ನೂ ಜಿಲ್ಲಾವಾರು ಸಮೀಕ್ಷೆ ಮಾಡಿ, ಕನಿಷ್ಠ ಮಟ್ಟವನ್ನು ಪರೀಕ್ಷಿಸಿ, ಪರವಾನಗಿ ಕೊಡಬೇಕು ಅಥವಾ ನಿರಾಕರಿಸಬೇಕೆಂದು 2002ರಲ್ಲಿ ರಾಜ್ಯಗಳಿಗೆ ಆದೇಶಿಸಿತು.

ಏರವಾಡಿಯ ಪಾಠವನ್ನು ದುಷ್ಟರ ಕಥೆಯೆಂದು ತಿಳಿದು ಬದಿಗಿಟ್ಟರೆ ಅದರ ತಿರುಳು ತಪ್ಪಿಹೋಗುತ್ತದೆ. ಸರಪಳಿ ಹಾಕುವವನು “ಇದು ಅವನ ಒಳ್ಳೆಯದಕ್ಕೇ” ಎಂದುಕೊಂಡೇ ಹಾಕುತ್ತಾನೆ. ಓಡಿಹೋಗಿ ಬಾವಿಗೆ ಬಿದ್ದಾನೆಂಬ ಭಯ, ನೋಡಿಕೊಳ್ಳಲು ಜನ ಸಾಲದೆಂಬ ಕಷ್ಟ, ಒಂದೇ ರಾತ್ರಿಯ ಮಟ್ಟಿಗೆ ಎಂಬ ಸಮಾಧಾನ: ಹೀಗೆ ಆರಂಭವಾದದ್ದು ದಿನಚರಿಯಾಗುತ್ತದೆ. ಒಳ್ಳೆಯ ಉದ್ದೇಶವೇ ಕಣ್ಣಿಗೆ ಪರದೆಯಾಗುತ್ತದೆ.

ಶ್ರಾವಕಾಚಾರವನ್ನು ಬರೆದ ಹಿರಿಯರಿಗೆ ಇದು ಗೊತ್ತಿತ್ತು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಅತಿಚಾರಗಳು ಐದೆಂದು ಎಣಿಸಿದ್ದಾರೆ. ಕಟ್ಟಿಹಾಕುವುದು, ಹೊಡೆಯುವುದು, ಅವಯವಗಳನ್ನು ಕತ್ತರಿಸುವುದು, ಶಕ್ತಿಗೆ ಮೀರಿದ ಭಾರ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ಈ ಪಟ್ಟಿಯನ್ನು ಸಾಮಾನ್ಯವಾಗಿ ಎತ್ತು, ಹಸುಗಳನ್ನು ಸಾಕುವ ಗೃಹಸ್ಥನಿಗೆ ಹೇಳಿದ್ದೆಂದು ವಿವರಿಸುವ ರೂಢಿಯುಂಟು. ಗಮನಿಸಬೇಕಾದ ಸಂಗತಿಯೆಂದರೆ, ಈ ಐದೂ ದೋಷಗಳು ದಾರಿಹೋಕನಿಂದ ನಡೆಯುವಂಥವಲ್ಲ. ತನ್ನ ಆಶ್ರಯದಲ್ಲಿರುವ ಜೀವಿಯ ಮೇಲೆ ಆಶ್ರಯದಾತನೇ ಎಸಗಬಹುದಾದ ದೋಷಗಳಿವು. ಯಾರ ಕೈಯಲ್ಲಿ ಹಗ್ಗವೂ ಮೇವೂ ಇವೆಯೋ ಅವನಿಗೆ ಮಾತ್ರ ಕಟ್ಟಲೂ ಉಪವಾಸ ಕೆಡವಲೂ ಸಾಧ್ಯ. ಸಾಕುವವನೇ ಹಿಂಸಕನಾಗುವ ಅಪಾಯ ಹೆಚ್ಚೆಂದು ಶಾಸ್ತ್ರಕಾರರು ಕಂಡುಕೊಂಡಿದ್ದರು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯನ್ನು ಈ ಪಟ್ಟಿಯ ಪಕ್ಕದಲ್ಲಿರಿಸಿ ಓದಿದರೆ ಹೋಲಿಕೆ ಬೆರಗುಗೊಳಿಸುತ್ತದೆ. ಯಾವ ರೀತಿಯಲ್ಲಿಯೂ ಯಾವ ರೂಪದಲ್ಲಿಯೂ ರೋಗಿಗೆ ಸರಪಳಿ ಹಾಕಕೂಡದು. ಸಂಸ್ಥೆಯಲ್ಲಿ ಬಲವಂತವಾಗಿ ದುಡಿಸಿಕೊಳ್ಳಕೂಡದು. ಇಷ್ಟಪಟ್ಟು ದುಡಿದರೆ ಸಂಬಳ ಕೊಡಬೇಕು. ಒತ್ತಾಯದಿಂದ ತಲೆ ಬೋಳಿಸಕೂಡದು. ಬಯಸಿದರೆ ತನ್ನ ಬಟ್ಟೆಯನ್ನೇ ತಾನು ಉಡಲು ಬಿಡಬೇಕು. ಶುಚಿಯಾದ ನೆಲೆ, ಮರ್ಯಾದೆಯ ಮರೆ, ಯೋಗ್ಯವಾದ ಆಹಾರ ಇರಬೇಕು. ನೋಂದಣಿಯಿಲ್ಲದೆ ಇಂತಹ ಸಂಸ್ಥೆಯನ್ನು ನಡೆಸಿದರೆ ಮೊದಲ ಸಲ 5,000 ರೂಪಾಯಿಗಳಿಂದ 50,000 ರೂಪಾಯಿಗಳವರೆಗೆ ದಂಡ. ಪರವಾನಗಿಯ ಅರ್ಜಿ ನಮೂನೆಯು ನೀರಸವಾದ ಕಾಗದ. ಆದರೆ ಅದು ಕೇಳುವ ಪ್ರಶ್ನೆಗಳ ಹಿಂದೆ ಕಟ್ಟಿದೆಯಾ, ಹೊಡೆದೆಯಾ, ಹೊರಿಸಿದೆಯಾ, ಹಸಿವೆಗೆಡವಿದೆಯಾ ಎಂಬ ಹಳೆಯ ಪ್ರಶ್ನೆಗಳೇ ಇವೆ.

ಹಾಗಾದರೆ ಮನೆ ಸಂಸ್ಥೆಯಾಗುವುದು ಯಾವ ಕ್ಷಣದಲ್ಲಿ? ರೋಗಿಯು ಬಂಧುಗಳೊಡನೆಯೋ ಸ್ನೇಹಿತರೊಡನೆಯೋ ವಾಸಿಸುವ ಕುಟುಂಬದ ಮನೆಯನ್ನು ಕಾಯಿದೆಯೇ ನೋಂದಣಿಯಿಂದ ಹೊರಗಿರಿಸಿದೆ. ಶಿಕ್ಷಕರ ಮನೆಗೆ ಬಂದ ಮೊದಲನೆಯವನು ಬಹುಶಃ ಅತಿಥಿ, ಸ್ನೇಹಿತ. ಒಂಬತ್ತನೆಯವನು? ಗೆರೆಯನ್ನು ಎಣಿಕೆಯಿಂದಷ್ಟೇ ಎಳೆಯಲಾಗದು. ಒಂದು ಪರೀಕ್ಷೆ ಹೀಗಿರಬಹುದು: ಒಳಗಿರುವವನಿಗೆ ನೋವಾದಾಗ ಅದನ್ನು ಹೇಳಿಕೊಳ್ಳಲು, ನೋವು ಮಾಡಿದವನನ್ನು ಬಿಟ್ಟು ಬೇರೆ ಯಾರಾದರೂ ಇದ್ದಾರೆಯೇ? ಕುಟುಂಬದಲ್ಲಿ ಒಬ್ಬ ಗದರಿಸಿದರೆ ಇನ್ನೊಬ್ಬರು ಸಂತೈಸುತ್ತಾರೆ, ನೆಂಟರಿಷ್ಟರು ಬಂದು ಹೋಗುತ್ತಾರೆ, ಓಣಿಯವರು ಕೇಳುತ್ತಾರೆ. ಅಣ್ಣಂದಿರು ತಂದುಬಿಟ್ಟು ಹೋದವನಿಗೆ ಆ ಯಾವ ಬಾಗಿಲೂ ಇಲ್ಲ. ಬಾಗಿಲಿನ ಬೀಗದ ಕೈ ಒಬ್ಬರಲ್ಲಿದ್ದು, ಒಳಗಿರುವವನ ಮಾತು ಹೊರಗೆ ಯಾರಿಗೂ ಕೇಳಿಸದಂತಾದಾಗ, ಆ ಮನೆ ಎಷ್ಟೇ ಪ್ರೀತಿಯದಾಗಿದ್ದರೂ ಸಂಸ್ಥೆಯಾಗಿಬಿಟ್ಟಿದೆ. ಅಲ್ಲಿಗೆ ಹೊರಗಿನ ಒಂದು ಕಣ್ಣು, ಹೊರಗಿನ ಒಂದು ಕಿವಿ ಬೇಕು. ಪರವಾನಗಿಯೆಂದರೆ ಅಷ್ಟೇ.

ಕನ್ನಡ ನಾಡಿನಲ್ಲಿ ದಾನವು ಎಂದೂ ಗುಟ್ಟಿನ ವ್ಯವಹಾರವಾಗಿರಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬಹುದು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿ ಒಂದು ಕಾಲಕ್ಕೆ ಪ್ರಸಿದ್ಧ ಜೈನ ಕೇಂದ್ರ. ಅಲ್ಲಿನ ಬಸದಿಯನ್ನು ಗಂಗದೊರೆ ದುರ್ವಿನೀತನು ಕಟ್ಟಿಸಿದನೆಂದು ಕ್ರಿ.ಶ. 1055ರ ಶಾಸನವೊಂದು ಹೇಳುತ್ತದೆ. ಇಂತಹ ದಾನಶಾಸನಗಳಲ್ಲಿ ಕೊಟ್ಟವರಾರು, ಪಡೆದವರಾರು, ಯಾವ ದಿನ, ಭೂಮಿಯ ಎಲ್ಲೆ ಯಾವುದು, ಯಾವ ಕಾರ್ಯಕ್ಕೆ ಎಂಬುದೆಲ್ಲ ಕಲ್ಲಿನಲ್ಲಿ ನಿಂತಿರುತ್ತದೆ. ಧರ್ಮವನ್ನು ಕೆಡಿಸಿದವನಿಗೆ ಶಾಪವೂ ಇರುತ್ತದೆ. ಅರಸನೂ ಸಾಮಂತನೂ ತಮ್ಮ ದಾನವನ್ನು ಎಲ್ಲರೂ ಓದುವಂತೆ ಬಯಲಿನಲ್ಲಿ ನಿಲ್ಲಿಸಿ, ತಮ್ಮನ್ನು ತಾವೇ ಅದಕ್ಕೆ ಕಟ್ಟಿಕೊಂಡರು. ಕಲ್ಲಿನ ಬರಹಕ್ಕೂ ಸರ್ಕಾರದ ಕಾಯಿದೆಗೂ ಕನ್ನಡದಲ್ಲಿ ಶಾಸನವೆಂಬ ಒಂದೇ ಮಾತು ಸಲ್ಲುತ್ತದೆ. ಗೋಡೆಯ ಮೇಲೆ ತೂಗುವ ನೋಂದಣಿ ಪತ್ರವು ಆ ಹಳೆಯ ಕಲ್ಲಿನ ಬಡ ಸಂತಾನ. ಅದನ್ನು ಪಡೆಯುವುದರಲ್ಲಿ ಅವಮಾನವಿಲ್ಲ.

ದೂರದ ದೇಶದ ಒಂದು ನಿದರ್ಶನವೂ ಇದಕ್ಕೆ ಬೆಂಬಲವಾಗಿದೆ. ಬೆಲ್ಜಿಯಂ ದೇಶದ ಗೀಲ್ ಎಂಬ ಊರಿನಲ್ಲಿ ಮಧ್ಯಯುಗದಿಂದಲೂ ಸಾಮಾನ್ಯ ಕುಟುಂಬಗಳು ಮನೋರೋಗಿಗಳನ್ನು ತಮ್ಮ ಮನೆಗಳಲ್ಲಿಯೇ ಇರಿಸಿಕೊಂಡು ಸಲಹುತ್ತ ಬಂದಿವೆ. ಮೂಲದಲ್ಲಿ ಅದು ಸಂತೆಯೊಬ್ಬಳ ಹೆಸರಿನ ಯಾತ್ರಾಸ್ಥಳ. ಏರವಾಡಿಯಂತೆಯೇ ನಂಬಿಕೆಯಿಂದ ಬೆಳೆದ ಊರು. ಹತ್ತೊಂಬತ್ತನೆಯ ಶತಮಾನದ ನಡುವೆ ಸರ್ಕಾರವು ಅಲ್ಲಿ ವೈದ್ಯರ ಮೇಲ್ವಿಚಾರಣೆಯನ್ನು ತಂದಿತು. ಮೇಲ್ವಿಚಾರಣೆಯಿಂದ ಆ ಕರುಣೆ ಬತ್ತಲಿಲ್ಲ. 1930ರ ದಶಕದ ಕೊನೆಗೆ ಮೂರೂವರೆ ಸಾವಿರಕ್ಕೂ ಹೆಚ್ಚು ರೋಗಿಗಳು ಗೀಲಿನ ಮನೆಗಳಲ್ಲಿದ್ದರು. ಸಂಖ್ಯೆ ಇಳಿದಿದ್ದರೂ ಪದ್ಧತಿ ಇಂದಿಗೂ ಉಳಿದಿದೆ. ಎರಡೂ ನಂಬಿಕೆಯ ಊರುಗಳೇ. ಒಂದರಲ್ಲಿ ನೋಡುವ ಕಣ್ಣಿತ್ತು, ಇನ್ನೊಂದರಲ್ಲಿ ಇರಲಿಲ್ಲ.

ಇಷ್ಟು ಹೇಳಿದ ಮೇಲೆ ಪರವಾನಗಿ ಕೊಡುವವರ ಧರ್ಮವನ್ನೂ ಹೇಳದಿದ್ದರೆ ಮಾತು ಏಕಾಂತವಾದೀತು. ಹೊಸ ಕಾಯಿದೆಯು ತಾತ್ಕಾಲಿಕ ನೋಂದಣಿ ಪತ್ರವನ್ನು ಅರ್ಜಿ ಮುಟ್ಟಿದ 10 ದಿನಗಳೊಳಗೆ ಕೊಡಬೇಕೆಂದು ವಿಧಿಸಿದೆ. ಅದಕ್ಕೆ 12 ತಿಂಗಳ ಅವಧಿ. ಅಷ್ಟರಲ್ಲಿ ಲೋಪಗಳನ್ನು ತಿದ್ದಿಕೊಳ್ಳಲು ಎಡೆಯಿದೆ. ಆಮೇಲೆ ಮೂರು ವರ್ಷಕ್ಕೊಮ್ಮೆ ಪರಿಶೀಲನೆ. ಅಂಗವಿಕಲರ ಸಂಸ್ಥೆಗಳಿಗೆ ಅನ್ವಯಿಸುವ 2016ರ ಕಾಯಿದೆಯು ತೀರ್ಮಾನಕ್ಕೆ 90 ದಿನಗಳ ಗಡುವು ಹಾಕಿದೆ. ಮಕ್ಕಳ ಆಶ್ರಯಗಳಿಗೆ 2015ರ ಬಾಲನ್ಯಾಯ ಕಾಯಿದೆಯ ನೋಂದಣಿ ಬೇಕು. ಒಂದೇ ಸೂರಿನಡಿ ಬುದ್ಧಿಮಾಂದ್ಯ ಬಾಲಕನೂ, ಮನೋರೋಗಿ ಹೆಣ್ಣುಮಗಳೂ, ದಿಕ್ಕಿಲ್ಲದ ವೃದ್ಧನೂ ಇದ್ದರೆ ಹಳ್ಳಿಯ ಶಿಕ್ಷಕನು ಯಾವ ಬಾಗಿಲನ್ನು ಮೊದಲು ತಟ್ಟಬೇಕು? ಜಿಲ್ಲೆಯ ಎಲ್ಲೆಗಳೂ ಇಲ್ಲಿ ಸ್ಥಿರವಾಗಿರಲಿಲ್ಲ. ಹರಪನಹಳ್ಳಿಯವರು 1997ರವರೆಗೆ ಬಳ್ಳಾರಿಗೆ, ಅನಂತರ ದಾವಣಗೆರೆಗೆ, ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಹೊಸಪೇಟೆಗೆ ಎಡತಾಕಬೇಕಾಯಿತು. ದಾರಿ ತಿಳಿಸಿಕೊಡುವುದು ಕಚೇರಿಯ ಉಪಕಾರವಲ್ಲ, ಕರ್ತವ್ಯ. ಕಡತವನ್ನು ಕಾರಣವಿಲ್ಲದೆ ಮೇಜಿನ ಮೇಲೆ ಕೊಳೆಹಾಕುವವನು ತಾನು ಯಾರಿಗೂ ನೋವು ಮಾಡಿಲ್ಲವೆಂದು ಭಾವಿಸಬಾರದು. ಮುಚ್ಚಿದ ಬಾಗಿಲ ಹೊರಗೆ ಮಲಗಿದವನ ಅನ್ನಪಾನವನ್ನು ತಡೆದ ದೋಷ ಅವನಿಗೂ ತಗಲುತ್ತದೆ.

ಮುಚ್ಚಿಸುವ ಅಧಿಕಾರಕ್ಕೂ ಇದೇ ನಿಯಮ. ಏರವಾಡಿಯ ದುರಂತದ ಬಳಿಕ ಅಲ್ಲಿನ ಆಶ್ರಯಗಳನ್ನು ಮುಚ್ಚಲಾಯಿತು. ಐದು ನೂರಕ್ಕೂ ಹೆಚ್ಚು ಜನರು ಸರ್ಕಾರದ ವಶಕ್ಕೆ ಬಂದರು. ಬಾಗಿಲಿಗೆ ಮುದ್ರೆ ಹಾಕುವುದು ಒಂದು ದಿನದ ಕೆಲಸ. ಒಳಗಿದ್ದವರಿಗೆ ನೆಲೆ ಕಲ್ಪಿಸುವುದು ವರ್ಷಗಳ ಕೆಲಸ. ಕುಟುಂಬವಿಲ್ಲ, ಮನೆಯಿಲ್ಲ, ಮನೆಯವರು ಒಪ್ಪುತ್ತಿಲ್ಲ ಎಂಬ ಕಾರಣಕ್ಕಾಗಿಯೇ ಯಾರನ್ನೂ ಮಾನಸಿಕ ಆಸ್ಪತ್ರೆಯಲ್ಲಿ ಉಳಿಸಕೂಡದೆಂದೂ, ಅಂಥವರಿಗಾಗಿ ಸಮುದಾಯದ ನಡುವೆ ಮಧ್ಯಂತರ ಗೃಹಗಳು, ಸಮೂಹ ಗೃಹಗಳು ಇರುವಂತೆ ಸರ್ಕಾರ ನೋಡಿಕೊಳ್ಳಬೇಕೆಂದೂ 2017ರ ಕಾಯಿದೆಯೇ ಹೇಳುತ್ತದೆ. ತಾನು ಕಟ್ಟಬೇಕಾದದ್ದನ್ನು ಕಟ್ಟದೆ, ಬೇರೆಯವರು ಕಟ್ಟಿದ್ದನ್ನು ಕೆಡವಲು ಮಾತ್ರ ಬರುವ ಆಡಳಿತವು ಕಾಯಿದೆಯ ಅರ್ಧವನ್ನಷ್ಟೇ ಪಾಲಿಸುತ್ತದೆ.

ಅರ್ಜಿದಾರನ ದಾರಿಯಲ್ಲಿಯೂ ಎರಡು ಕುಣಿಗಳಿವೆ. ಮೊದಲನೆಯದು ಸುಳ್ಳು ದಾಖಲೆ. ತಪಾಸಣೆಯ ದಿನಕ್ಕಾಗಿ ಎಂದೂ ಬಾರದ ವೈದ್ಯರ ಹೆಸರನ್ನು ರಿಜಿಸ್ಟರಿನಲ್ಲಿ ಬರೆಯುವುದು, ಇಲ್ಲದ ಸಿಬ್ಬಂದಿಯ ಸಹಿ ಹಾಕಿಸುವುದು. “ಒಳ್ಳೆಯ ಕೆಲಸಕ್ಕಾಗಿ ಒಂದು ಸಣ್ಣ ಸುಳ್ಳು” ಎಂಬ ಸಮಾಧಾನ ಬೇಗ ಹುಟ್ಟುತ್ತದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಗೆ, ಎಂದರೆ ಸುಳ್ಳು ಬರಹಕ್ಕೆ, ಪ್ರತ್ಯೇಕ ಸ್ಥಾನವಿರುವುದು ಸುಮ್ಮನೆ ಅಲ್ಲ. ವೈದ್ಯರು ಬಂದರೆಂದು ಬರೆದ ದಿನ ರೋಗಿಗೆ ಜ್ವರವಿದ್ದರೆ, ಆ ಒಂದು ಸಾಲು ಅವನ ಪ್ರಾಣಕ್ಕೆ ಎರವಾಗಬಹುದು. ಅದೇ ಪಟ್ಟಿಯಲ್ಲಿ ನ್ಯಾಸಾಪಹಾರವೂ ಇದೆ. ನಂಬಿ ಇಟ್ಟ ಒಡವೆಯನ್ನು ಅಪಹರಿಸುವುದು ಎಂದು ಅದರ ಅರ್ಥ. ನಿವಾಸಿಯ ಹೆಸರಿಗೆ ಬರುವ ಮಾಸಾಶನವೂ ಅವನ ಪಾಲಿನ ಹೊಲವೂ ನ್ಯಾಸವೇ. ಲೆಕ್ಕವಿಲ್ಲದೆ ಅದನ್ನು ಮುಟ್ಟುವ ಹಕ್ಕು ಸಲಹುವವನಿಗಿಲ್ಲ.

ಎರಡನೆಯ ಕುಣಿ ಮಮಕಾರ. “ನನ್ನ ಆಶ್ರಮ, ನನ್ನ ಜನ, ನಾನಿಲ್ಲದಿದ್ದರೆ ಇವರಿಗೆ ಯಾರು?” ಎಂಬ ಭಾವವು ಸೇವೆಯ ವೇಷದಲ್ಲಿ ಬರುವ ಪರಿಗ್ರಹ. ಪರಿಗ್ರಹವು ವಸ್ತುವಿನಲ್ಲಿಲ್ಲ, ಮೂರ್ಛೆಯಲ್ಲಿದೆ ಎಂಬುದು ಪ್ರಸಿದ್ಧ ವಿಚಾರ. ಹಣದ ಮೇಲೆ ಮೂರ್ಛೆಯಿಲ್ಲದವನಿಗೂ ತನ್ನಿಂದ ಉಪಕೃತರಾದವರ ಮೇಲೆ ಮೂರ್ಛೆ ಉಂಟಾಗಬಹುದು. ತಪಾಸಣೆಗೆ ಬಂದವರನ್ನು ಕಂಡು ಸಿಟ್ಟು ಬಂದರೆ ಆ ಸಿಟ್ಟು ಎಲ್ಲಿಂದ ಹುಟ್ಟಿತೆಂದು ಸೇವಕನು ತನ್ನನ್ನೇ ಕೇಳಿಕೊಳ್ಳಬೇಕು. ನಿವಾಸಿಗಳಿಗೆ ತೊಂದರೆಯಾದೀತೆಂಬ ಚಿಂತೆಯೋ, ತನ್ನನ್ನು ಪ್ರಶ್ನಿಸಿದರೆಂಬ ಅಭಿಮಾನಭಂಗವೋ?

ಪರವಾನಗಿ ಸಿಕ್ಕಿದ ಮಾತ್ರಕ್ಕೆ ಮನೆ ಒಳ್ಳೆಯದಾಗುವುದಿಲ್ಲವೆಂಬುದೂ ನಿಜ. ಪತ್ರವಿರುವ ಮನೆಯಲ್ಲಿಯೂ ಏಟು ಬೀಳಬಹುದು. ಪತ್ರವಿಲ್ಲದ ಮನೆಯಲ್ಲಿಯೂ ತಾಯಿಯ ಮಮತೆಯಿರಬಹುದು. ಪ್ರೀತಿಯನ್ನು ಯಾವ ಪ್ರಾಧಿಕಾರವೂ ಅಳೆಯಲಾರದು. ಆದರೆ ಪ್ರೀತಿ ಸೋತ ದಿನ ಏನಾಗಬೇಕೆಂಬುದನ್ನು ನಿಯಮ ಹೇಳುತ್ತದೆ. ಶಿಕ್ಷಕರು ಕಾಯಿಲೆ ಬಿದ್ದ ದಿನ, ಅವರ ಮಡದಿ ದಣಿದ ದಿನ, ಅವರ ನಂತರ ಬರುವವರು ಅವರಷ್ಟು ಒಳ್ಳೆಯವರಲ್ಲದ ದಿನ ಒಳಗಿರುವವರಿಗೆ ರಕ್ಷಣೆ ಯಾವುದು? ಒಳ್ಳೆಯವನೊಬ್ಬನ ಆಯುಷ್ಯಕ್ಕಿಂತ ನಿವಾಸಿಯ ಅಗತ್ಯ ದೀರ್ಘವಾದದ್ದು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನವನ್ನು ನಾಲ್ಕು ಬಗೆಯಾಗಿ ಹೇಳುತ್ತಾರೆ. ಶಿಕ್ಷಕರು ಅನ್ನವಿಟ್ಟಿದ್ದಾರೆ, ಔಷಧ ಕೊಡಿಸಿದ್ದಾರೆ. ಉಳಿದಿರುವುದು ಅಭಯ. ಬೀದಿಯ ಭಯವನ್ನು ಅವರು ನೀಗಿಸಿದ್ದಾರೆ. ಆದರೆ ಅಭಯವು ಪೂರ್ಣವಾಗಬೇಕಾದರೆ, ಸಲಹುವವರ ಭಯವೂ ಸಲಹಲ್ಪಡುವವನಿಗೆ ಇರಬಾರದು. “ಇಲ್ಲಿ ನನಗೆ ಅನ್ಯಾಯವಾದರೆ ಕೇಳುವವರಿದ್ದಾರೆ” ಎಂದು ಅವನು ತಿಳಿದಿರಬೇಕು. ಆ ಧೈರ್ಯವನ್ನು ಅವನಿಗೆ ಕೊಡಬಲ್ಲವರು ತಮ್ಮನ್ನು ತಾವೇ ಪರೀಕ್ಷೆಗೆ ಒಡ್ಡಿಕೊಳ್ಳುವ ದಾನಿಗಳು ಮಾತ್ರ.

ಆದ್ದರಿಂದ ಆ ಕಲ್ಪಿತ ಶಿಕ್ಷಕರು ನೋಟೀಸನ್ನು ಹರಿಯದೆ ಅರ್ಜಿಯನ್ನು ಬರೆಯಲು ಕುಳಿತರೆ, ಅವರು ಅಧಿಕಾರಕ್ಕೆ ತಲೆಬಾಗಿದರೆಂದು ಯಾರೂ ತಿಳಿಯಬೇಕಿಲ್ಲ. ನಿವಾಸಿಗಳ ಸಂಖ್ಯೆಯನ್ನು ಕೇಳುವ ಕಡೆ ಒಂಬತ್ತು ಎಂದು ಅವರು ನಿಜವನ್ನು ಬರೆಯಲಿ. ಹೆಂಗಸರಿಗೆ ಪ್ರತ್ಯೇಕ ಕೋಣೆ ಇಲ್ಲದಿದ್ದರೆ ಇಲ್ಲವೆಂದೇ ಬರೆಯಲಿ. ಹನ್ನೆರಡು ತಿಂಗಳಲ್ಲಿ ಅದನ್ನು ಕಟ್ಟಿಸಲು ಊರಿನವರ ಮುಂದೆ ಕೈಚಾಚಲಿ. ಊರಿನವರೂ ಅಕ್ಕಿ ಬೇಳೆಯ ಜೊತೆಗೆ ಒಂದು ಗೋಡೆಗೆ, ಇನ್ನೊಂದು ಬಾಗಿಲಿಗೆ ನೆರವಾಗಲಿ. ಬೆಂಕಿ ಬಿದ್ದ ರಾತ್ರಿ ಒಳಗಿರುವವರನ್ನು ಉಳಿಸುವುದು ತೆರೆಯಬಲ್ಲ ಆ ಇನ್ನೊಂದು ಬಾಗಿಲೇ.